ಪೊದೆಯ ಪಾಠಶಾಲೆ: ಟೆರಿಯರ್ ಮರಿಯ ಶಿಕ್ಷಣ ಮತ್ತು ಅದರ ಇತಿಹಾಸ



ಇತಿಹಾಸಕ್ಕೆ ಆಧಾರಗಳು ಯಾವುವು ಎಂದು ನಿಮ್ಮನ್ನು ಕೇಳಿದರೆ ಶಾಸನ, ನಾಣ್ಯ, ತಾಳೆಗರಿ, ಪ್ರವಾಸಿಗರ ಬರವಣಿಗೆ, ಹಾಳುಬಿದ್ದ ಕೋಟೆ ಎಂದು ನೀವು ಕೂಡಲೇ ಪಟ್ಟಿ ಕೊಡುತ್ತೀರಿ. ಆ ಪಟ್ಟಿಗೆ ಒಂದು ನಾಯಿಮರಿಯನ್ನೂ ಸೇರಿಸಬಹುದೇ? ಪ್ರಶ್ನೆ ವಿಚಿತ್ರವೆನಿಸಬಹುದು. ಆದರೆ ಮನುಷ್ಯ ತನ್ನ ಕೆಲಸಕ್ಕಾಗಿ ನೂರಾರು ವರ್ಷ ಆರಿಸಿ ಬೆಳೆಸಿದ ಪ್ರಾಣಿಯ ಮೈಯಲ್ಲಿ ಆ ಮನುಷ್ಯನ ನೆಲ, ಬೆಳೆ, ಕಾನೂನು, ಹಸಿವು, ಹಮ್ಮು ಎಲ್ಲವೂ ಗುರುತು ಬಿಟ್ಟಿರುತ್ತವೆ. ಓದಲು ಬಲ್ಲವರಿಗೆ ಅದೂ ಒಂದು ದಾಖಲೆಯೇ.

ನಮ್ಮ ಮುಧೋಳದ ನಾಯಿಯನ್ನು ನೆನಪಿಸಿಕೊಳ್ಳಿ. ಉದ್ದನೆಯ ಕಾಲು, ಸಪೂರ ಸೊಂಟ, ಆಳವಾದ ಎದೆ, ದೂರ ನೋಡುವ ಕಣ್ಣು. ಬಯಲುಸೀಮೆಯ ತೆರೆದ ನೆಲದಲ್ಲಿ ಬೇಟೆಯನ್ನು ಕಣ್ಣಿನಿಂದ ಕಂಡು ಅಟ್ಟಿಸಿಕೊಂಡು ಹೋಗುವ ನಾಯಿಗೆ ಇರಬೇಕಾದ ಮೈಕಟ್ಟು ಅದು. ಈಗ ಇದಕ್ಕೆ ತದ್ವಿರುದ್ಧವಾದ ಇನ್ನೊಂದು ನಾಯಿಯನ್ನು ಊಹಿಸಿ. ಗಿಡ್ಡ ಕಾಲು, ಒರಟು ಕೂದಲು, ಗಟ್ಟಿ ದವಡೆ. ಮುಳ್ಳುಪೊದೆಯೊಳಗೆ ತಲೆ ತೂರಿಸಿದರೆ ಹಿಂದೆ ನೋಡದ ಸ್ವಭಾವ. ಇದು ಬ್ರಿಟನ್ನಿನ ಟೆರಿಯರ್. ಇಂಥ ಒಂದು ಮರಿಯನ್ನು ಪೊದೆ ಮೆಳೆಗಳಲ್ಲಿ ಕೆಲಸ ಮಾಡಲು ಹೇಗೆ ಬೆಳೆಸುತ್ತಿದ್ದರು, ಹಾಗೆ ಬೆಳೆಸಿದವರು ಯಾರು, ಅವರ ಕೆಲಸ ಮುಂದೆ ಏನಾಯಿತು ಎಂಬುದೇ ಈ ಲೇಖನದ ವಿಷಯ.

ನೆಲದಿಂದ ಬಂದ ಹೆಸರು

'ಟೆರಿಯರ್' ಎಂಬ ಮಾತು ಫ್ರೆಂಚ್ ಭಾಷೆಯ ಮೂಲಕ ಇಂಗ್ಲಿಷಿಗೆ ಬಂದಿತು. ಅದರ ಬೇರು ಲ್ಯಾಟಿನ್ನಿನ 'ಟೆರ್ರಾ', ಎಂದರೆ ನೆಲ. ಫ್ರೆಂಚಿನಲ್ಲಿ 'ಟೆರಿಯೆ' ಎಂದರೆ ಪ್ರಾಣಿಗಳ ಬಿಲ. ಬಿಲಕ್ಕೆ ಇಳಿಯುವ ನಾಯಿ ಎಂಬ ಅರ್ಥದಲ್ಲಿ ಈ ಹೆಸರು ನಿಂತಿತು. 1486ರಲ್ಲಿ ಅಚ್ಚಾದ 'ಬುಕ್ ಆಫ್ ಸೇಂಟ್ ಆಲ್ಬನ್ಸ್' ಎಂಬ ಗ್ರಂಥದ ನಾಯಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. 1570ರಲ್ಲಿ ಕೇಂಬ್ರಿಜ್‌ನ ವೈದ್ಯ ಜಾನ್ ಕೈಯಸ್ ಬ್ರಿಟನ್ನಿನ ನಾಯಿಗಳ ಬಗ್ಗೆ ಲ್ಯಾಟಿನ್ನಿನಲ್ಲಿ ಒಂದು ಪುಸ್ತಕ ಬರೆದನು. ಸ್ವಿಟ್ಜರ್ಲೆಂಡಿನ ಪ್ರಕೃತಿ ವಿಜ್ಞಾನಿ ಕಾನ್ರಾಡ್ ಗೆಸ್ನರನಿಗಾಗಿ ಬರೆದದ್ದು ಅದು. ಏಬ್ರಹಾಂ ಫ್ಲೆಮಿಂಗ್ ಅದನ್ನು 1576ರಲ್ಲಿ ಇಂಗ್ಲಿಷಿಗೆ ತಂದನು. ನರಿಯನ್ನೂ ಬ್ಯಾಜರನ್ನೂ ಬಿಲದೊಳಗೆ ಕಾಡಿ, ಹೆದರಿಸಿ, ಹೊರಗೆ ಹಾಕಿದ ಬಲೆಗೆ ಓಡಿಸುವ ನಾಯಿ ಎಂದು ಅಲ್ಲಿ ಟೆರಿಯರಿನ ವರ್ಣನೆ ಇದೆ. ಬ್ಯಾಜರ್ ಎಂದರೆ ಮುಖದ ಮೇಲೆ ಕಪ್ಪು ಬಿಳಿ ಪಟ್ಟೆಯುಳ್ಳ, ಆಳವಾದ ಬಿಲ ತೋಡಿ ವಾಸಿಸುವ ಬಲಿಷ್ಠ ಪ್ರಾಣಿ.

ಇಲ್ಲಿ ಒಂದು ವಿಷಯವನ್ನು ಗಮನಿಸಿ. ಆ ಕಾಲಕ್ಕೆ ನರಿ ಹಿಡಿಯುವುದು ಶ್ರೀಮಂತರ ಕ್ರೀಡೆಯಾಗಿರಲಿಲ್ಲ, ಹಳ್ಳಿಯ ಕೂಲಿ ಕೆಲಸವಾಗಿತ್ತು. ಮೊದಲನೆಯ ಎಲಿಜಬೆತ್ ರಾಣಿಯ ಕಾಲದಲ್ಲಿ, 1566ರಲ್ಲಿ, ಧಾನ್ಯ ರಕ್ಷಣೆಗೆಂದು ಒಂದು ಕಾಯಿದೆ ಬಂದಿತು. ಬೆಳೆಗೂ ಸಾಕುಪ್ರಾಣಿಗೂ ಹಾನಿ ಮಾಡುವುದೆಂದು ಎಣಿಸಿದ ಜೀವಿಗಳನ್ನು ಕೊಂದು ತಂದವರಿಗೆ ಊರಿನ ಚರ್ಚಿನ ಅಧಿಕಾರಿಗಳು ಹಣ ಕೊಡಬೇಕೆಂದು ಅದು ಗೊತ್ತುಮಾಡಿತು. ಒಂದು ನರಿಯ ಅಥವಾ ಬ್ಯಾಜರಿನ ತಲೆಗೆ 12 ಪೆನ್ನಿ. ಇಂದಿಗೂ ಅನೇಕ ಹಳ್ಳಿಗಳ ಹಳೆಯ ಚರ್ಚು ಲೆಕ್ಕಪುಸ್ತಕಗಳಲ್ಲಿ ಈ ಪಾವತಿಗಳನ್ನು ಓದಬಹುದು. ಬಡ ರೈತನ ಮನೆಯ ಮೂಲೆಯಲ್ಲಿ ಮಲಗಿದ್ದ ಸಣ್ಣ ಟೆರಿಯರ್ ಹೀಗೆ ನಾಲ್ಕು ಕಾಸು ತರುವ ದುಡಿಮೆಗಾರನೂ ಆಗಿತ್ತು.

ಬೇಲಿ ಬೆಳೆಸಿದ ನಾಯಿ

ಟೆರಿಯರ್ ಬಿಲದ ನಾಯಿಯಷ್ಟೇ ಆಗಿ ಉಳಿಯಲಿಲ್ಲ, ಪೊದೆಯ ನಾಯಿಯೂ ಆಯಿತು. ಅದಕ್ಕೆ ಕಾರಣ ನೆಲದಲ್ಲಾದ ಬದಲಾವಣೆ. 1760ರಿಂದ 1830ರವರೆಗಿನ ಅವಧಿಯಲ್ಲಿ ಇಂಗ್ಲೆಂಡಿನ ಸಂಸತ್ತು ಕಾಯಿದೆಯ ಮೇಲೆ ಕಾಯಿದೆ ಮಾಡಿ, ಊರವರೆಲ್ಲ ದನ ಮೇಯಿಸುತ್ತಿದ್ದ, ಸೌದೆ ಆಯುತ್ತಿದ್ದ ಗೋಮಾಳಗಳನ್ನೂ ಬಯಲು ಹೊಲಗಳನ್ನೂ ಭಾಗ ಮಾಡಿ ಖಾಸಗಿ ಒಡೆತನಕ್ಕೆ ಕೊಟ್ಟಿತು. 'ಎನ್‌ಕ್ಲೋಷರ್' ಎಂದು ನೀವು ಪಠ್ಯಪುಸ್ತಕದಲ್ಲಿ ಓದಿರುವುದು ಇದನ್ನೇ. ಹೊಸ ಒಡೆಯರು ಹಾಥಾರ್ನ್ ಎಂಬ ಮುಳ್ಳುಗಿಡವನ್ನು ಒತ್ತಾಗಿ ನೆಟ್ಟು ಮೈಲುಗಟ್ಟಲೆ ಜೀವಂತ ಬೇಲಿ ಹಾಕಿಸಿದರು.

ಆ ಬೇಲಿ ಊರಿನ ಬಡವರನ್ನು ಹೊರಗಿಟ್ಟಿತು. ಮೊಲಕ್ಕೂ ನರಿಗೂ ಮನೆಯಾಯಿತು. ಇಂಗ್ಲೆಂಡಿನ ಆ ಮೊಲ ನಮ್ಮ ಹೊಲದ ಮೊಲವಲ್ಲ. ನಮ್ಮದು ಹುಲ್ಲಿನ ಮರೆಯಲ್ಲಿ ಮಲಗುತ್ತದೆ, ಬಿಲ ತೋಡುವುದಿಲ್ಲ. ಅಲ್ಲಿನ 'ರ್ಯಾಬಿಟ್' ಬೇಲಿಯ ಬುಡದಲ್ಲಿ ಬಿಲ ತೋಡಿ ಹಿಂಡಾಗಿ ವಾಸಿಸುತ್ತದೆ. ನಾರ್ಮನ್ನರ ಕಾಲದ ಮೇಲೆ ಮಾಂಸಕ್ಕಾಗಿ ತಂದು ಸಾಕಿದ ಈ ಪ್ರಾಣಿ 18 ಮತ್ತು 19ನೆಯ ಶತಮಾನಗಳಲ್ಲಿ ಹೊಲಗಳಿಗೆಲ್ಲ ಹರಡಿತು.

ಇದೇ ಕಾಲದಲ್ಲಿ ಕಾಡು ಕಡಿಮೆಯಾಗಿ ಜಿಂಕೆ ಬೇಟೆ ಹಿಂದೆ ಸರಿಯಿತು. ನರಿ ಬೇಟೆ ಜಮೀನುದಾರರ ದೊಡ್ಡ ಕ್ರೀಡೆಯಾಗಿ ಬೆಳೆಯಿತು. ಲೆಸ್ಟರ್‌ಷೈರಿನ ಹ್ಯೂಗೋ ಮೆನೆಲ್ ವೇಗವಾಗಿ ಓಡುವ ಬೇಟೆನಾಯಿಗಳ ಹಿಂಡು ಕಟ್ಟಿ ಇದಕ್ಕೆ ಹೊಸ ರೂಪ ಕೊಟ್ಟನು. ಮೊದಲು ಹಣ ಕೊಟ್ಟು ಕೊಲ್ಲಿಸುತ್ತಿದ್ದ ನರಿಗಾಗಿ ಈಗ ಜಮೀನುದಾರರೇ ಹೊಲದ ನಡುವೆ ಗಾರ್ಸ್ ಎಂಬ ಮುಳ್ಳುಗಿಡದ ಮೆಳೆಗಳನ್ನು ಬೆಳೆಸಿದರು. ಬೇಟೆಗೆ ನರಿ ಬೇಕಲ್ಲವೇ! ದೊಡ್ಡ ನಾಯಿಗಳಿಂದ ತಪ್ಪಿಸಿಕೊಂಡ ನರಿ ಬಿಲಕ್ಕೋ ಚರಂಡಿಗೋ ಇಳಿದರೆ ಅದನ್ನು ಮತ್ತೆ ಹೊರಡಿಸಲು ಟೆರಿಯರ್ ಬೇಕಾಯಿತು. ಬೇಲಿಸಾಲಿನ ಮೊಲ ಎಬ್ಬಿಸಲು ರೈತನಿಗೂ ಟೆರಿಯರ್ ಬೇಕಾಯಿತು.

ಆದರೆ ಮೊಲ ಹಿಡಿಯುವ ಹಕ್ಕು ಎಲ್ಲರಿಗೂ ಇರಲಿಲ್ಲ. 1671ರ ಬೇಟೆ ಕಾಯಿದೆಯ ಪ್ರಕಾರ ಸಾಮಾನ್ಯವಾಗಿ ವರ್ಷಕ್ಕೆ 100 ಪೌಂಡ್ ಆದಾಯದ ಸ್ವಂತ ಭೂಮಿ ಉಳ್ಳವನಿಗೆ ಮಾತ್ರ ಬೇಟೆಯ ಅರ್ಹತೆ. 1828ರ ಕಾಯಿದೆಯಂತೆ ರಾತ್ರಿ ಕಳ್ಳಬೇಟೆಯಲ್ಲಿ ಮೂರನೆಯ ಸಲ ಸಿಕ್ಕವನನ್ನು 7 ವರ್ಷ ಕಡಲಾಚೆ ಗಡಿಪಾರು ಮಾಡಬಹುದಿತ್ತು. ತನ್ನ ಬೆಳೆ ತಿನ್ನುವ ಮೊಲವನ್ನು ಹಿಡಿಯುವ ಕಾನೂನಿನ ಹಕ್ಕು ಗೇಣಿ ರೈತನಿಗೆ ಸಿಕ್ಕಿದ್ದು 1880ರಲ್ಲಿ. ಎಂದ ಮೇಲೆ, ಒಂದು ಟೆರಿಯರ್ ಮರಿಯನ್ನು ಪೊದೆಗೆ ಬಿಡುವುದು ಯಾರ ನೆಲ, ಯಾರ ಬೇಟೆ ಎಂಬ ಪ್ರಶ್ನೆಯನ್ನೂ ಜೊತೆಗೇ ಎಬ್ಬಿಸುತ್ತಿತ್ತು.

ಪಾದ್ರಿಯ ಹೆಸರು, ಹಾಲಿನವನ ನಾಯಿ

ಟೆರಿಯರ್ ಇತಿಹಾಸದಲ್ಲಿ ಬಹು ಪ್ರಸಿದ್ಧವಾದ ಹೆಸರು ಪಾದ್ರಿ ಜಾನ್ ರಸೆಲ್ (1795-1883). ಡೆವನ್ ಪ್ರಾಂತದ ಸ್ವಿಂಬ್ರಿಜ್ ಎಂಬ ಹಳ್ಳಿಯಲ್ಲಿ ದೀರ್ಘಕಾಲ ಪಾದ್ರಿಯಾಗಿದ್ದವನು. ಆಕ್ಸ್‌ಫರ್ಡಿನಲ್ಲಿ ವಿದ್ಯಾರ್ಥಿಯಾಗಿದ್ದಾಗ, 1819ರಲ್ಲಿ, ದಾರಿಯಲ್ಲಿ ಒಬ್ಬ ಹಾಲು ಮಾರುವವನ ಜೊತೆ ಬರುತ್ತಿದ್ದ ಹೆಣ್ಣು ಟೆರಿಯರೊಂದನ್ನು ಕಂಡು ಅಲ್ಲೇ ಕೊಂಡುಕೊಂಡನು. ಬಿಳಿ ಮೈ, ಕಣ್ಣು ಕಿವಿಗಳ ಮೇಲೆ ಕಂದು ಮಚ್ಚೆ, ಬಾಲದ ಬುಡದಲ್ಲಿ ಒಂದು ಪೆನ್ನಿ ನಾಣ್ಯದಷ್ಟು ಮಚ್ಚೆ. ಅದರ ಹೆಸರು ಟ್ರಂಪ್. ಬಿಳಿ ಬಣ್ಣಕ್ಕೂ ಒಂದು ಪ್ರಯೋಜನವಿತ್ತು: ಪೊದೆಯಿಂದ ಹೊರಬರುವ ಕೆಂಪು ನರಿಗೂ ನಾಯಿಗೂ ನಡುವೆ ಗೊಂದಲವಾಗುತ್ತಿರಲಿಲ್ಲ. ರಸೆಲ್ ಬೆಳೆಸಿದ ತಳಿಗೆ ಟ್ರಂಪ್ ಮೂಲವೆಂದು ಹೇಳುತ್ತಾರೆ. 1878ರಲ್ಲಿ ಅವನ ಜೀವನಚರಿತ್ರೆಯೇ ಪ್ರಕಟವಾಯಿತು. ಅವನ ಹೆಸರಿನ ನಾಯಿಗಳು ಇಂದು ಜಗತ್ತಿನಾದ್ಯಂತ ಇವೆ.

ಆದರೆ ಆ ಹಾಲಿನವನ ಹೆಸರೇನು? ಟ್ರಂಪ್ ಅವನ ಬಳಿಗೆ ಎಲ್ಲಿಂದ ಬಂದಿತ್ತು, ಅದಕ್ಕೆ ಮೊದಲ ಪಾಠ ಕಲಿಸಿದವರಾರು? ಕಥೆಯಲ್ಲಿ ಅವನು ಬರಿಯ 'ಹಾಲಿನವ'. ನಾಯಿಯ ಹೆಸರು ಉಳಿಯಿತು, ಕೊಂಡವನ ಹೆಸರು ಉಳಿಯಿತು, ಸಾಕಿದವನ ಹೆಸರು ಉಳಿಯಲಿಲ್ಲ. ಬರವಣಿಗೆ ಬಲ್ಲವರು ತಮ್ಮ ಸುತ್ತಿನವರನ್ನು ಬರೆದಿಡುತ್ತಾರೆ. ಕೈಕೆಲಸ ಬಲ್ಲವರ ವಿದ್ಯೆ ಬಾಯಿಂದ ಬಾಯಿಗೆ ಹೋಗುತ್ತದೆ. ಹಾಗಾಗಿ ಆ ಹೆಸರಿಲ್ಲದವರನ್ನು ಕಾಣಬೇಕಾದರೆ ಅವರು ಕಲಿಸಿದ ವಿದ್ಯೆಯನ್ನೇ ನೋಡಬೇಕು.

ಮರಿಯ ಮೊದಲ ವರ್ಷ

ಒಂದು ಹಳ್ಳಿಮನೆಗೆ ಎಂಟು ವಾರದ ಟೆರಿಯರ್ ಮರಿ ಬಂದಿದೆಯೆಂದು ಇಟ್ಟುಕೊಳ್ಳಿ. ತಾಯಿ ತಂದೆ ಕೆಲಸ ಮಾಡಿದ ನಾಯಿಗಳೇ ಎಂದು ಮೊದಲು ವಿಚಾರಿಸಿಯೇ ಅದನ್ನು ತಂದಿರುತ್ತಾರೆ. ಈ ಮರಿಗೆ ಧೈರ್ಯ ಕಲಿಸಬೇಕಾಗಿಲ್ಲ. ಅಟ್ಟಿಸಿಕೊಂಡು ಹೋಗು ಎಂದು ಹೇಳಬೇಕಾಗಿಯೂ ಇಲ್ಲ. ಅದು ರಕ್ತದಲ್ಲೇ ಬಂದಿದೆ. ಕಲಿಸಬೇಕಾದದ್ದು ನಿಲ್ಲುವುದನ್ನು, ತಿರುಗಿ ಬರುವುದನ್ನು, ಯಾವುದನ್ನು ಮುಟ್ಟಬಾರದು ಎಂಬುದನ್ನು. ಟೆರಿಯರ್ ಸಾಕುವವರ ವಿದ್ಯೆಯೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ.

ಮೊದಲ ಪಾಠ ಅಂಗಳದಲ್ಲಿ. ಕೋಳಿ, ಬಾತು, ಕುರಿ, ಬೆಕ್ಕು, ಮನೆಯ ಮಕ್ಕಳು, ಗಾಡಿಯ ಸದ್ದು ಎಲ್ಲದರ ನಡುವೆ ಮರಿ ಓಡಾಡಬೇಕು. ಕುರಿಯನ್ನು ಕಂಡರೆ ಕಾಣದಂತೆ ಹಾದುಹೋಗುವುದನ್ನು ಕಲಿಯದ ನಾಯಿ ಎಷ್ಟೇ ಶೂರನಾದರೂ ಹಳ್ಳಿಯಲ್ಲಿ ಬದುಕಲಾರದು. ಕುರಿಯ ಮೇಲೆ ಬಿದ್ದ ನಾಯಿಯನ್ನು ರೈತ ಉಳಿಸುತ್ತಿರಲಿಲ್ಲ. ಆದ್ದರಿಂದ ಬಾರು ಹಾಕಿ ಮಂದೆಯ ಪಕ್ಕದಲ್ಲಿ ದಿನವೂ ನಡೆಸುವುದು, ಆಸೆಪಟ್ಟರೆ ತಡೆಯುವುದು, ಲಕ್ಷ್ಯ ಕೊಡದೆ ನಡೆದರೆ ಮೆಚ್ಚುವುದು.

ಹಳ್ಳಿಗರು ಅನುಭವದಿಂದ ಕಂಡುಕೊಂಡ ಇದನ್ನು ವಿಜ್ಞಾನಿಗಳು ಆಮೇಲೆ ಪ್ರಯೋಗದಿಂದ ತೋರಿಸಿದರು. ಅಮೆರಿಕದ ಬಾರ್ ಹಾರ್ಬರ್ ಎಂಬಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಐದು ತಳಿಯ ಮರಿಗಳನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿ 1965ರಲ್ಲಿ ಪುಸ್ತಕ ಪ್ರಕಟಿಸಿದರು. ಸುಮಾರು ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗೆ ಮರಿ ಯಾರೊಡನೆ ಬೆರೆಯುತ್ತದೋ ಅವರನ್ನು ತನ್ನವರೆಂದು ಒಪ್ಪಿಕೊಳ್ಳುತ್ತದೆ ಎಂದು ಅವರು ಕಂಡರು. ಆ ಐದು ತಳಿಗಳಲ್ಲಿ ಫಾಕ್ಸ್ ಟೆರಿಯರೂ ಒಂದು. ಒಡಹುಟ್ಟಿದ ಟೆರಿಯರ್ ಮರಿಗಳೇ ಗುಂಪುಕಟ್ಟಿ ಒಂದರ ಮೇಲೊಂದು ಬೀಳುತ್ತಿದ್ದುದರಿಂದ ಅವುಗಳನ್ನು ಬೇರ್ಪಡಿಸಬೇಕಾಯಿತು. ತಡೆ ಕಲಿಸುವುದು ಏಕೆ ಮುಖ್ಯ ಎಂಬುದು ಇದರಿಂದ ನಿಮಗೆ ತಿಳಿಯುತ್ತದೆ.

ಎರಡನೆಯ ಪಾಠ ಕರೆ. ಹೆಸರು ಕೂಗಿದರೆ ಅಥವಾ ಸಿಳ್ಳೆ ಹಾಕಿದರೆ ಮರಿ ಏನಿದ್ದರೂ ಬಿಟ್ಟು ಬರಬೇಕು. ಊಟದ ತಟ್ಟೆ ಇಡುವಾಗ ಸಿಳ್ಳೆ, ಆಟದ ನಡುವೆ ಸಿಳ್ಳೆ, ಬಂದಾಗ ಮೈದಡವುವುದು. ತಡವಾಗಿ ಬಂದಿತೆಂದು ಹೊಡೆದರೆ ಬಂದದ್ದಕ್ಕೇ ಹೊಡೆದರು ಎಂದು ಮರಿ ತಿಳಿಯುತ್ತದೆ. ಮುಂದಿನ ಸಲ ಬರುವುದಿಲ್ಲ. ತೆರೆದ ಬಯಲಿನಲ್ಲಿ ನಾಯಿ ಕಣ್ಣಿಗೆ ಕಾಣುತ್ತದೆ. ದಟ್ಟ ಪೊದೆಯಲ್ಲಿ ಒಮ್ಮೆ ನುಗ್ಗಿದರೆ ಯಜಮಾನನಿಗೂ ಅದಕ್ಕೂ ಇರುವ ಸಂಬಂಧ ಸದ್ದು ಒಂದೇ.

ಮೂರನೆಯದು ಕಾಯುವ ಪಾಠ, ಮತ್ತು ಇದು ಯಜಮಾನನಿಗೆ. ನಾಲ್ಕರಿಂದ ಆರು ತಿಂಗಳ ನಡುವೆ ಮರಿಯ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುತ್ತದೆ. ಬಾಯಿ ನೋಯುವ ಆ ದಿನಗಳಲ್ಲಿ ದೊಡ್ಡ ಇಲಿಯೊಂದು ಕಚ್ಚಿದರೆ ಕೆಲಸದ ಮೇಲೇ ಮರಿಗೆ ಭಯ ಕೂತುಬಿಡಬಹುದು. ಅವಸರದ ಯಜಮಾನ ಕೆಡಿಸಿದ ಮರಿಯನ್ನು ಆಮೇಲೆ ಸರಿಪಡಿಸುವುದು ಕಷ್ಟ. ಆದ್ದರಿಂದ ಈ ವಯಸ್ಸಿನಲ್ಲಿ ಬೇಲಿಯ ಅಂಚಿನಲ್ಲಿ ಸುತ್ತಾಟ, ಹಳ್ಳದ ನೀರಿನ ಪರಿಚಯ, ಮುಳ್ಳಿನ ಪರಿಚಯ, ಇಷ್ಟೇ. ಮರಿಯನ್ನು ಎತ್ತಿ ಪೊದೆಗೆ ಎಸೆಯುವುದಿಲ್ಲ. ಒಂದು ರೊಟ್ಟಿಯ ಚೂರನ್ನು ತೆಳುವಾದ ಪೊದೆಯ ಬುಡಕ್ಕೆ ಎಸೆದು ಅದಾಗಿಯೇ ತೂರುವಂತೆ ಮಾಡುತ್ತಾರೆ. ಇಂದು ತೆಳುವಾದದ್ದು, ನಾಳೆ ಸ್ವಲ್ಪ ದಟ್ಟವಾದದ್ದು.

ನಾಲ್ಕನೆಯ ಪಾಠಕ್ಕೆ ಗುರು ಮನುಷ್ಯನಲ್ಲ, ಒಂದು ಹಳೆಯ ನಾಯಿ. ಮರಿಗೆ ಏಳೆಂಟು ತಿಂಗಳಾದಾಗ ಶಾಂತ ಸ್ವಭಾವದ, ಅನುಭವಿ ಟೆರಿಯರೊಂದರ ಜೊತೆ ಬೇಲಿಸಾಲಿಗೆ ಬಿಡುತ್ತಾರೆ. ಮುದಿನಾಯಿ ಗಾಳಿಗೆ ಎದುರಾಗಿ ಹೋಗುತ್ತದೆ, ಬರಿದಾದ ಪೊದೆಯ ಮುಂದೆ ಕಾಲ ಕಳೆಯದೆ ಮುಂದೆ ಸಾಗುತ್ತದೆ, ವಾಸನೆ ಇರುವ ಕಡೆ ಬಾಲ ಅಲುಗಿಸಿ ನುಗ್ಗುತ್ತದೆ. ಮರಿ ಅದನ್ನು ನೋಡಿ ಮೂಗು ಬಳಸುವುದನ್ನು ಕಲಿಯುತ್ತದೆ. ಕಣ್ಣಿಗೆ ಕಂಡ ಮೊಲದ ಹಿಂದೆ ಹುಚ್ಚಾಗಿ ಓಡುವುದಕ್ಕಿಂತ ಕಾಣದ ಮೊಲದ ಜಾಡು ಹಿಡಿದು ಅದನ್ನು ಹೊರಡಿಸುವುದೇ ಪೊದೆಯ ಕೆಲಸ. ಆದರೆ ಸದಾ ಜೊತೆಗೆ ಬಿಟ್ಟರೆ ಮರಿ ದೊಡ್ಡದರ ಬಾಲ ಹಿಡಿಯುವುದನ್ನಷ್ಟೇ ಕಲಿಯುತ್ತದೆ. ಹಾಗಾಗಿ ಕೆಲವು ದಿನ ಒಂಟಿಯಾಗಿಯೂ ಬಿಡಬೇಕು.

ಪೊದೆಯೊಳಗಿನ ನಾಯಿ ಬೊಗಳಿ ಸುದ್ದಿ ಕೊಡಬೇಕೆಂದು ಬೇಟೆಗಾರರು ಬಯಸುತ್ತಿದ್ದರು. ಬರಿಯ ಉತ್ಸಾಹಕ್ಕೆ ಬೊಗಳುವ ಮರಿಯನ್ನು ಪ್ರೋತ್ಸಾಹಿಸುತ್ತಿರಲಿಲ್ಲ; ಸುಳ್ಳು ಸುದ್ದಿ ಕೊಡುವ ದೂತನನ್ನು ಯಾರು ನಂಬುತ್ತಾರೆ? ಕೋವಿಯ ಸದ್ದನ್ನು ದೂರದಿಂದ ಆರಂಭಿಸಿ ಮೆಲ್ಲಮೆಲ್ಲಗೆ ಹತ್ತಿರ ತರುತ್ತಿದ್ದರು. ಮೊಲದ ಬಿಲಕ್ಕೆ ಬಿಡುವ ಫೆರೆಟ್ ಎಂಬ ಮುಂಗುಸಿಯಂಥ ಸಾಕುಪ್ರಾಣಿಯನ್ನು ಮುಟ್ಟದಿರುವುದೂ ಪಾಠದ ಭಾಗವಾಗಿತ್ತು. ಬಿಲದೊಳಗಿನ ಕಠಿಣ ಕೆಲಸಕ್ಕೆ ಒಳ್ಳೆಯ ಟೆರಿಯರ್‌ಗಾರರು ಮರಿಗೆ ವರ್ಷ ತುಂಬುವ ಮೊದಲು ಕೈಹಾಕುತ್ತಿರಲಿಲ್ಲ. ಎದೆಯ ಸುತ್ತಳತೆ ಎರಡೂ ಅಂಗೈಗಳ ಹಿಡಿತಕ್ಕೆ ಸಿಗುವಂತಿರಬೇಕು ಎಂಬುದು ಅವರ ಅಳತೆಗೋಲು. ಅದಕ್ಕಿಂತ ದಪ್ಪವಾದ ನಾಯಿ ಇಕ್ಕಟ್ಟಾದ ಬಿಲದಲ್ಲಿ ಸಿಕ್ಕಿಕೊಳ್ಳುತ್ತದೆ. ಮತ್ತು ಪ್ರತಿದಿನದ ಪಾಠ ಮರಿ ದಣಿಯುವ ಮೊದಲೇ ಮುಗಿಯಬೇಕು. ಇನ್ನೂ ಬೇಕು ಎನ್ನುವಾಗ ಮನೆಗೆ ಕರೆದರೆ ಮರುದಿನ ಅದೇ ಬಾಗಿಲಲ್ಲಿ ಕಾದಿರುತ್ತದೆ.

ಮರಿಗಳ ಕಾಯಿಲೆ, ಮನುಷ್ಯರ ಔಷಧ

ಇಷ್ಟು ತಾಳ್ಮೆಯಿಂದ ಬೆಳೆಸಿದ ಮರಿ ಡಿಸ್ಟೆಂಪರ್ ಎಂಬ ಕಾಯಿಲೆಗೆ ವಾರದೊಳಗೆ ಬಲಿಯಾಗುವುದು ಸಾಮಾನ್ಯವಾಗಿತ್ತು. ಜ್ವರ, ಕೆಮ್ಮು, ಕೊನೆಗೆ ಸೆಳೆತ. 1923ರಲ್ಲಿ 'ದಿ ಫೀಲ್ಡ್' ಎಂಬ ಬೇಟೆಗಾರರ ಪತ್ರಿಕೆ ಈ ರೋಗದ ಸಂಶೋಧನೆಗೆ ಓದುಗರಿಂದ ನಿಧಿ ಕೂಡಿಸಿತು. ಲಂಡನ್ನಿನ ಮಿಲ್ ಹಿಲ್‌ನಲ್ಲಿ ಪ್ಯಾಟ್ರಿಕ್ ಲೇಡ್ಲಾ ಮತ್ತು ಜಿ. ಡಬ್ಲ್ಯು. ಡಂಕಿನ್ ಕೆಲಸ ಮಾಡಿ, ರೋಗಕ್ಕೆ ವೈರಸ್ ಕಾರಣವೆಂದು ಖಚಿತಪಡಿಸಿ, ಆ ದಶಕದ ಕೊನೆಯ ಹೊತ್ತಿಗೆ ಲಸಿಕೆಯನ್ನು ರೂಪಿಸಿದರು. ಈ ರೋಗ ಫೆರೆಟ್‌ಗೂ ತಗಲುವುದರಿಂದ ಪ್ರಯೋಗಕ್ಕೆ ಅದನ್ನು ಬಳಸಿದರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 1933ರಲ್ಲಿ ಅದೇ ಸಂಸ್ಥೆಯಲ್ಲಿ ವಿಲ್ಸನ್ ಸ್ಮಿತ್, ಕ್ರಿಸ್ಟಫರ್ ಆಂಡ್ರೂಸ್ ಮತ್ತು ಲೇಡ್ಲಾ, ಫ್ಲೂ ಜ್ವರದ ರೋಗಿಗಳಿಂದ ಪಡೆದ ದ್ರವವನ್ನು ಫೆರೆಟ್‌ಗಳಿಗೆ ಹಾಕಿ ಮನುಷ್ಯರ ಇನ್‌ಫ್ಲುಯೆಂಜಾ ವೈರಸ್ಸನ್ನು ಪ್ರತ್ಯೇಕಿಸಿದರು. 1918ರಲ್ಲಿ ನಮ್ಮ ದೇಶವೂ ಸೇರಿದಂತೆ ಜಗತ್ತಿನಲ್ಲಿ ಕೋಟ್ಯಂತರ ಜನರನ್ನು ಕೊಂದ ಬಗೆಯ ರೋಗದ ಮೂಲವನ್ನು ತಿಳಿಯಲು ಬೇಟೆನಾಯಿಗಳ ಕಾಯಿಲೆಯ ಅಭ್ಯಾಸ ದಾರಿಮಾಡಿತು. ಇತಿಹಾಸದಲ್ಲಿ ಕಾರಣ ಪರಿಣಾಮಗಳು ನೇರ ದಾರಿಯಲ್ಲಿ ಹೋಗುವುದಿಲ್ಲ ಎಂಬುದಕ್ಕೆ ಇದೊಂದು ಉದಾಹರಣೆ.

ಕತ್ತಲ ಮುಖ

ಈ ಇತಿಹಾಸವನ್ನು ಬರಿಯ ಮೆಚ್ಚುಗೆಯಿಂದ ಹೇಳಿದರೆ ಸತ್ಯ ಹೇಳಿದಂತಾಗುವುದಿಲ್ಲ. ನಾಯಿಯ ಧೈರ್ಯವನ್ನು ಮನುಷ್ಯ ಮೋಜಿಗೂ ಬಳಸಿದನು. ಬ್ಯಾಜರನ್ನು ಪೆಟ್ಟಿಗೆಯಲ್ಲಿ ಕೂಡಿಹಾಕಿ ಒಂದರ ಹಿಂದೊಂದು ಟೆರಿಯರ್ ಬಿಟ್ಟು ಪಂದ್ಯ ಕಟ್ಟುತ್ತಿದ್ದರು. 1835ರ ಪ್ರಾಣಿಹಿಂಸೆ ತಡೆ ಕಾಯಿದೆ ಇಂಥ ಕಾಳಗಗಳನ್ನು ನಿಷೇಧಿಸಿತು. ಆಗ ಜೂಜುಗಾರರು ಇಲಿಗಳತ್ತ ಇನ್ನಷ್ಟು ತಿರುಗಿದರು. ಗುಂಡಿಯಲ್ಲಿ ನೂರು ಇಲಿ ಬಿಟ್ಟು ಗಡಿಯಾರ ಹಿಡಿದು ನಿಲ್ಲುವ ಆಟ ಲಂಡನ್ನಿನ ಹೆಂಡದಂಗಡಿಗಳಲ್ಲಿ ಬಹುಕಾಲ ನಡೆಯಿತು. ವೇಲ್ಸ್‌ನ ಸೀಲಿಹ್ಯಾಂ ಟೆರಿಯರ್ ತಳಿಯನ್ನು ರೂಪಿಸಿದ ಕ್ಯಾಪ್ಟನ್ ಜಾನ್ ಎಡ್ವರ್ಡ್ಸ್, ಪರೀಕ್ಷೆಯಲ್ಲಿ ಹಿಂಜರಿದ ಎಳೆಯ ನಾಯಿಗಳನ್ನು ಉಳಿಸುತ್ತಿರಲಿಲ್ಲ ಎಂಬ ಕಥೆಗಳು ಪ್ರಚಲಿತವಾಗಿವೆ. ತಾಳ್ಮೆಯಿಂದ ಕಲಿಸುವ ಬದಲು ಭಯದಿಂದ ಆರಿಸುವ ದಾರಿಯೂ ಇತ್ತು ಎಂಬುದನ್ನು ನಾವು ಮರೆಯಬಾರದು.

ಅಪರೂಪಕ್ಕೆ ಕೆಲಸಗಾರನ ಧ್ವನಿಯೂ ಉಳಿದಿದೆ. ಪತ್ರಕರ್ತ ಹೆನ್ರಿ ಮೇಹ್ಯೂ 19ನೆಯ ಶತಮಾನದ ಮಧ್ಯದಲ್ಲಿ ಲಂಡನ್ನಿನ ಬಡವರನ್ನು ಮಾತನಾಡಿಸಿ ಬರೆದಾಗ ಜ್ಯಾಕ್ ಬ್ಲ್ಯಾಕ್ ಎಂಬ ಇಲಿ ಹಿಡಿಯುವವನ ಮಾತುಗಳನ್ನೂ ದಾಖಲಿಸಿದನು. ತನ್ನ ಟೆರಿಯರ್‌ಗಳ ಬಗ್ಗೆ ಅವನು ಹೆಮ್ಮೆಯಿಂದ ಹೇಳಿದನು. ಇಲಿ ಕಚ್ಚಿ ತಾನೇ ಸಾಯುವಂತಾದದ್ದನ್ನೂ ಹೇಳಿದನು.

ಮೈದಾನವೋ ಮೆಳೆಯೋ?

1873ರಲ್ಲಿ ಲಂಡನ್ನಿನಲ್ಲಿ ಕೆನಲ್ ಕ್ಲಬ್ ಸ್ಥಾಪನೆಯಾಯಿತು. ನಾಯಿಗಳ ಪ್ರದರ್ಶನ ದೊಡ್ಡ ಶೋಕಿಯಾಯಿತು. ಪ್ರದರ್ಶನದ ಮೈದಾನದಲ್ಲಿ ಬಹುಮಾನ ಕೊಡುವುದು ನೋಟಕ್ಕೆ. ಮೆಳೆಯಲ್ಲಿ ಬೇಕಾದದ್ದು ಗುಣ. ಕಾಲಕ್ರಮದಲ್ಲಿ ಅನೇಕ ಟೆರಿಯರ್ ತಳಿಗಳು ಕೆಲಸ ಮರೆತು ಕೂದಲಿನ ಅಂದಕ್ಕೆ ಹೆಸರಾದವು. ಇದಕ್ಕೆ ಪ್ರತಿಯಾಗಿ ಜರ್ಮನಿಯಲ್ಲಿ ಮೊದಲ ಮಹಾಯುದ್ಧದ ನಂತರ ಕೆಲವು ಬೇಟೆಗಾರರು ನೋಟವನ್ನು ಬದಿಗಿಟ್ಟು, ಕಪ್ಪು ಕಂದು ಬಣ್ಣದ ನಾಲ್ಕು ಫಾಕ್ಸ್ ಟೆರಿಯರ್ ಮರಿಗಳಿಂದ ಆರಂಭಿಸಿ, ಪೊದೆ, ಬಿಲ, ನೀರು ಮೂರರಲ್ಲೂ ದುಡಿಯುವ ಹೊಸ ತಳಿಯನ್ನು ಬೆಳೆಸಿದರು. ಅದೇ ಯಾಗ್ಡ್‌ಟೆರಿಯರ್. ಅದರ ಸಂಘ 1926ರಲ್ಲಿ ಸ್ಥಾಪನೆಯಾಯಿತು.

ಕೆಲಸ ಹೋದ ಮೇಲೆ

1953ರಲ್ಲಿ ಮಿಕ್ಸೊಮಟೋಸಿಸ್ ಎಂಬ ಮೊಲಗಳ ರೋಗ ಬ್ರಿಟನ್ನಿಗೆ ಬಂದು ಕೆಲವೇ ವರ್ಷಗಳಲ್ಲಿ ಅಲ್ಲಿನ ಮೊಲಗಳಲ್ಲಿ ಬಹುಪಾಲನ್ನು ಅಳಿಸಿತು. ಬೇಲಿಸಾಲುಗಳು ಬರಿದಾದವು. 1973ರಲ್ಲಿ ಬ್ಯಾಜರಿಗೆ ಕಾನೂನಿನ ರಕ್ಷಣೆ ಬಂದಿತು. 1992ರ ಕಾಯಿದೆ ಅದನ್ನು ಬಲಪಡಿಸಿತು. ನಾಯಿಗಳಿಂದ ಕಾಡುಪ್ರಾಣಿಗಳ ಬೇಟೆಯನ್ನು ಸ್ಕಾಟ್ಲೆಂಡ್ 2002ರಲ್ಲಿ ಕಾಯಿದೆ ಮಾಡಿ ತಡೆಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ 2004ರಲ್ಲಿ ಆದ ಕಾಯಿದೆ 2005ರ ಫೆಬ್ರವರಿ 18ರಿಂದ ಜಾರಿಗೆ ಬಂದಿತು. ಅದರಂತೆ ನರಿಯನ್ನು ಪೊದೆಯಿಂದ ಎಬ್ಬಿಸಲು ಎರಡಕ್ಕಿಂತ ಹೆಚ್ಚು ನಾಯಿ ಬಳಸಬಾರದು. ಅದೂ ಬೆಳೆ ಜಾನುವಾರುಗಳ ಹಾನಿ ತಡೆಯುವಂಥ ಗೊತ್ತಾದ ಕಾರಣಗಳಿಗೆ, ನೆಲದ ಒಡೆಯನ ಒಪ್ಪಿಗೆಯಿಂದ. ಬಿಲದೊಳಗೆ ಒಂದೇ ನಾಯಿ, ಅದೂ ಬಹಳ ಸೀಮಿತ ಸಂದರ್ಭದಲ್ಲಿ. ಇಲಿ ಹಿಡಿಯುವುದಕ್ಕೆ ಅಡ್ಡಿಯಿಲ್ಲ.

ಈ ಕಾಯಿದೆಯ ಬಗ್ಗೆ ಅಲ್ಲಿ ಭಾರಿ ವಾದವಿವಾದ ನಡೆಯಿತು. ನರಿಗೂ ನೋವಿದೆ, ಮೋಜಿಗಾಗಿ ಅದನ್ನು ಕಾಡಬಾರದು ಎಂದು ಒಂದು ಪಕ್ಷ. ಹಳ್ಳಿಯ ಬದುಕನ್ನು ಅರಿಯದ ಪಟ್ಟಣದವರ ಕಾನೂನಿದು ಎಂದು ಇನ್ನೊಂದು ಪಕ್ಷ. ಎರಡರ ನಡುವೆ ನಾಯಿಯ ಪ್ರಶ್ನೆ ಉಳಿಯುತ್ತದೆ. ಕಾನೂನು ಒಂದು ದಿನದಲ್ಲಿ ಬದಲಾಗುತ್ತದೆ, ರಕ್ತದ ಗುಣ ಬದಲಾಗುವುದಿಲ್ಲ. ಪೊದೆಗಾಗಿ ಹುಟ್ಟಿದ ಮರಿ ಇಂದು ಮಹಡಿಮನೆಯಲ್ಲಿ ಕೂತು ಸೋಫಾ ಹರಿಯುತ್ತದೆ; ಕೆಟ್ಟ ನಾಯಿ ಎನ್ನಿಸಿಕೊಂಡು ಮನೆ ಬಿಡಬೇಕಾಗುತ್ತದೆ. ತಪ್ಪು ಅದರದೇ? ಹಳೆಯ ಹಳ್ಳಿಗರ ಪಾಠಗಳು ಬೇಟೆಯಿಲ್ಲದ ಮನೆಯಲ್ಲೂ ಕೆಲಸಕ್ಕೆ ಬರುವುದು ಇಲ್ಲಿಯೇ: ಬೇಗ ಬೆರೆಸುವುದು, ಕರೆಗೆ ಬರುವಂತೆ ಮಾಡುವುದು, ಮೂಗಿಗೆ ಕೆಲಸ ಕೊಡುವುದು, ದಣಿಯುವ ಮೊದಲು ನಿಲ್ಲಿಸುವುದು. ಒಂದು ಜೀವಿಯನ್ನು ನಮ್ಮ ಅಗತ್ಯಕ್ಕೆ ತಕ್ಕಂತೆ ರೂಪಿಸಿದ ಮೇಲೆ, ಅಗತ್ಯ ತೀರಿದಾಗಲೂ ಅದರ ಹೊಣೆ ನಮ್ಮದೇ.

ನಮ್ಮ ನೆಲದಲ್ಲಿ

ನಮ್ಮ ನಾಡಿನಲ್ಲೂ ಬೇಟೆನಾಯಿಯ ಒಂದು ಅಪೂರ್ವ ದಾಖಲೆ ಇದೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಸುಮಾರು ಕ್ರಿ.ಶ. 950ರದು. ರಾಷ್ಟ್ರಕೂಟ ಮೂರನೆಯ ಕೃಷ್ಣ ಮತ್ತು ಗಂಗ ಇಮ್ಮಡಿ ಬೂತುಗರ ಕಾಲದ ಆ ವೀರಗಲ್ಲು, ಮಣಲೇರನ 'ಕಾಳಿ' ಎಂಬ ಬೇಟೆನಾಯಿ ಕಾಡುಹಂದಿಯೊಡನೆ ಹೋರಾಡಿ ಹಂದಿಯ ಜೊತೆಗೇ ಸತ್ತುದನ್ನು ಹೇಳುತ್ತದೆ. ಕಲ್ಲಿನ ಮೇಲೆ ನಾಯಿ ಮತ್ತು ಹಂದಿಯ ಕಾಳಗದ ಚಿತ್ರವಿದೆ. ಇಂದು ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅವಕಾಶವಾದಾಗ ತಪ್ಪದೆ ನೋಡಿ. ನೋಡುವಾಗ ಟ್ರಂಪ್‌ನ ಬಗ್ಗೆ ಕೇಳಿದ ಪ್ರಶ್ನೆಯನ್ನೇ ಇಲ್ಲಿಯೂ ಕೇಳಿ. ನಾಯಿಯ ಹೆಸರಿದೆ, ಒಡೆಯನ ಹೆಸರಿದೆ. ಕಾಳಿಯನ್ನು ಮರಿಯಿಂದ ಸಾಕಿ, ಕರೆದರೆ ಬರುವುದನ್ನು ಕಲಿಸಿದವರು ಯಾರು?

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ನಿಷೇಧಿಸಿದೆ. ನಮ್ಮ ಹೊಲದ ನರಿ, ಮೊಲಗಳಿಗೂ ಅದರ ರಕ್ಷಣೆ ಇದೆ. ಹಾಗಾಗಿ ಮೇಲೆ ಹೇಳಿದ ಬೇಟೆಯ ಪಾಠಗಳನ್ನು ನಾವು ಇತಿಹಾಸವಾಗಿ ಓದುತ್ತೇವೆಯೇ ಹೊರತು ಅನುಸರಿಸುವುದಕ್ಕಲ್ಲ. ಆದರೆ ನಾಯಿಯೊಡನೆ ದುಡಿಯುವವರು ನಮ್ಮಲ್ಲಿ ಇನ್ನೂ ಇದ್ದಾರೆ. ನಿಮ್ಮೂರಿನ ಕುರಿಮಂದೆಯ ಬಳಿ ಒಂದು ಸಂಜೆ ಹೋಗಿ ಕುರಿಗಾಹಿ ಅಜ್ಜನನ್ನು ಮಾತನಾಡಿಸಿ. ಮರಿಯನ್ನು ಹೇಗೆ ಆರಿಸಿದಿರಿ, ಕುರಿಯನ್ನು ಕಚ್ಚದಂತೆ ಹೇಗೆ ಕಲಿಸಿದಿರಿ, ಯಾವ ಮಾತಿಗೆ ಅದು ಬರುತ್ತದೆ, ಯಾವ ಸಿಳ್ಳೆಗೆ ನಿಲ್ಲುತ್ತದೆ ಎಂದು ಕೇಳಿ. ಅವರು ಬಳಸುವ ಮಾತುಗಳನ್ನೇ ಬರೆದುಕೊಳ್ಳಿ. ಅವರು ಒಪ್ಪಿದರೆ, ಬರೆದ ಹಾಳೆಯ ತಲೆಯ ಮೇಲೆ ನಾಯಿಯ ಹೆಸರಿನ ಜೊತೆಗೆ ಅವರ ಹೆಸರನ್ನೂ ಬರೆಯಿರಿ.